ಅವ್ವನ ಮೊಲ ನಾರೋಕೆ ಶುರುವಾದಾಗ

ನನ್ನ ಮೂಗು ಸ್ವಲ್ಪ ಜೋರು. ಇದನ್ನ ಹೆಮ್ಮೆಯಿಂದ ಹೇಳ್ತಿಲ್ಲ, ಇದರಿಂದ ನಾನು ಪಟ್ಟ ಪಾಡು ನನಗೇ ಗೊತ್ತು. ಪಕ್ಕದ ಮನೆಯಲ್ಲಿ ಹಾಲು ಸೀದರೆ ಆ ಮನೆಯವಳಿಗಿಂತ ಮುಂಚೆ ನನಗೆ ತಿಳಿಯುತ್ತೆ. ಬಸ್ಸಿನಲ್ಲಿ ಯಾರ ಚೀಲದಲ್ಲಿ ಒಣಮೀನು ಇದೆ ಅಂತ ಕೂತಲ್ಲೇ ಹೇಳಬಲ್ಲೆ. ನಮ್ಮ ಮನೆಯವರು ಇದಕ್ಕೆ ಪೂರ್ತಿ ಉಲ್ಟಾ. ಅವರದು ಚಳ್ಳಕೆರೆಯಲ್ಲಿ ದನದ ಮೇವಿನ ಅಂಗಡಿ. ಶೇಂಗಾ ಹಿಂಡಿ, ಹತ್ತಿಕಾಳಿನ ಹಿಂಡಿ, ಬೂಸಾ, ಇವುಗಳ ನಡುವೆ ಕೂತು ಕೂತು ಅವರ ಮೂಗು ಯಾವತ್ತೋ ಕೈ ಎತ್ತಿಬಿಟ್ಟಿದೆ. ಅಂಗಡಿ ಕೆಳಗೆ, ಮನೆ ಮೇಲೆ. ಹೊಸ ಹಿಂಡಿಯ ಲೋಡು ಇಳಿದ ದಿನ ನಮ್ಮ ದಿಂಬಿನ ಕವರು ಕೂಡ ಶೇಂಗಾ ಎಣ್ಣೆಯ ಘಮಲು ಹೊಡೆಯುತ್ತೆ. ಅದು ನನಗೆ ಒಗ್ಗಿಹೋಗಿದೆ, ಅದನ್ನ ನಾನು ವಾಸನೆ ಅಂತಾನೇ ಎಣಿಸೋದಿಲ್ಲ.

ಹಾಗಾಗಿ ನಡುಮನೆಯಲ್ಲಿ ಹಿಂಡಿಯದಲ್ಲದ ಒಂದು ನಾತ ಎದ್ದಾಗ ಮೊದಲು ಎದ್ದು ಕೂತವಳು ನಾನೇ. ಅದು ಅವ್ವನ ಮೊಲದ್ದು.

ಮೊದಲು ಅವ್ವನ ವಿಷಯ ಹೇಳ್ತೀನಿ, ಆಮೇಲೆ ಮೊಲ. ನಮ್ಮೂರು ಬಿ.ಜಿ. ಕೆರೆಯಿಂದ ಸ್ವಲ್ಪ ಒಳಗೆ. ನಮ್ಮದು ಕುರಿ ಮನೆತನ. ನಾನು ಚಿಕ್ಕವಳಿದ್ದಾಗ ಸುಗ್ಗಿ ಮುಗಿದ ಕೂಡಲೇ ಅಪ್ಪ ಅವ್ವ ಕುರಿ ಹೊಡಕೊಂಡು ಹೊರಟುಬಿಡೋರು, ಒಮ್ಮೆ ವರವು ಕಾವಲಿನ ಹುಲ್ಲುಗಾವಲಿನ ಕಡೆ, ಒಮ್ಮೆ ಆಂಧ್ರದ ಗಡಿ ದಾಟಿ. ಮಳೆ ಬೀಳೋ ತನಕ ಅವರ ಮುಖ ಕಾಣ್ತಿರಲಿಲ್ಲ. ನಾನು ಅಜ್ಜಿ ಹತ್ರ ಇದ್ದು ಸ್ಕೂಲಿಗೆ ಹೋಗ್ತಿದ್ದೆ. ಅವ್ವ ಬಂದ ರಾತ್ರಿ ಅವಳ ಕಂಬಳಿಯೊಳಗೆ ನುಗ್ಗಿ ಮಲಗ್ತಿದ್ದೆ. ಕುರಿ, ಬೆವರು, ಹೊಗೆ, ಮಣ್ಣು, ಎಲ್ಲ ಸೇರಿದ ಆ ವಾಸನೆಯೇ ನನಗೆ ಅವ್ವ. ನನ್ನ ಮೂಗು ಬೈಯದ ವಾಸನೆ ಅದೊಂದೇ. ಆಮೇಲೆ ಮದುವೆಯಾಗಿ ಚಳ್ಳಕೆರೆಗೆ ಬಂದೆ. ಒಟ್ಟು ಕೂಡಿಸಿ ನೋಡಿದರೆ ಅವ್ವನೂ ನಾನೂ ಒಂದೇ ಸೂರಿನಡಿ ಇದ್ದದ್ದು ಭಾಳ ಕಮ್ಮಿ.

ಅಪ್ಪ ಹೋಗಿ ಎಷ್ಟೋ ವರ್ಷ ಆಯಿತು. ಅವ್ವನ ಮಂಡಿ ಸೋತ ಮೇಲೆ ಅಣ್ಣ ಕುರಿ ಮಾರಿ ಹೊಲ ನೋಡಿಕೊಳ್ಳೋಕೆ ನಿಂತ. ಅಣ್ಣ ಅತ್ತಿಗೆ ಅವ್ವನನ್ನ ಚೆನ್ನಾಗೇ ನೋಡಿಕೊಳ್ತಾರೆ, ಅದರಲ್ಲಿ ಎರಡು ಮಾತಿಲ್ಲ. ಆದರೂ ಮಂಡಿಗೆ ಇಲ್ಲಿ ತೋರಿಸೋಣ ಅಂತ ನೆವ ಹೇಳಿ ನಾನು ಅವಳನ್ನ ಕರೆತಂದೆ. ನಿಜ ಹೇಳಬೇಕಂದ್ರೆ ಮಂಡಿಗಿಂತ ಹೆಚ್ಚಾಗಿ ನನಗೇ ಅವ್ವ ಬೇಕಿತ್ತು. ನನಗೂ ವಯಸ್ಸಾಯಿತು, ಇನ್ನು ಯಾವಾಗ ಅವಳ ಜೊತೆ ಕೂತು ಉಣ್ಣೋದು?

ಬಂದಳು, ಆದರೆ ಇರೋಳ ಥರ ಬರಲಿಲ್ಲ. ಒಂದು ಪ್ಲಾಸ್ಟಿಕ್ ನೂಲಿನ ಚೀಲದಲ್ಲಿ ನಾಲ್ಕೈದು ಸೀರೆ ತುರುಕಿಕೊಂಡು ಬಂದು ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದಳು. ಬೀರುವಿನಲ್ಲಿ ಜಾಗ ಮಾಡಿಕೊಟ್ಟರೆ ಮುಟ್ಟಲಿಲ್ಲ. ಉಟ್ಟ ಸೀರೆ ಒಗೆದು, ಒಣಗಿಸಿ, ಮಡಚಿ ವಾಪಸ್ ಚೀಲಕ್ಕೇ. ಒಂದು ಸಲ ಮಳೆ ಹಿಡಿದು ಒಂದೂ ಒಣಗದಿದ್ದಾಗ ನನ್ನ ಸೀರೆ ಕೊಟ್ಟೆ. "ಮಗಳ ಸೀರೆ ಉಡಾಕೆ ನಾನೇನು ದಿಕ್ಕಿಲ್ಲದೋಳಾ?" ಅಂತ ಹಸಿ ಸೀರೆಯನ್ನೇ ಸುತ್ತಿಕೊಂಡಳು. ವಾರಕ್ಕೊಮ್ಮೆ ಚೀಲ ಮೊಳೆಯಿಂದ ಇಳೀತಿತ್ತು. "ಸಾಕು ಕಣೇ, ಮಗಳ ಮನೇಲಿ ಎಷ್ಟು ದಿನ ಅಂತ ಇರಾದು. ಬರ್ತೀನಿ." ನಾನು ಬೈದು, ಅತ್ತು, ಮಂಡಿಗೆ ಇನ್ನೊಂದು ಇಂಜೆಕ್ಷನ್ ಐತೆ ಅಂತ ಸುಳ್ಳು ಹೇಳಿ ಮತ್ತೆ ನೇತುಹಾಕಿಸ್ತಿದ್ದೆ. ಆ ಚೀಲ ಕಂಡರೆ ನನಗೆ ಮೈಯೆಲ್ಲ ಉರೀತಿತ್ತು.

ಹಂಗಿರುವಾಗ ಮೊಲ ಬಂತು. ರಾಂಪುರದ ಒಬ್ಬ ಗಿರಾಕಿ ಮೊಲ ಸಾಕೋಕೆ ಹೋಗಿ ಸಾಕಾಗಿ ಎಲ್ಲ ಮಾರಿ, ಉಳಿದ ಒಂದನ್ನ ನಮ್ಮ ಮನೆಯವರ ಕೈಗೆ ಇಟ್ಟು ಹೋಗಿದ್ದ. ಬಿಳಿ ಮೈ, ಒಂದು ಕಿವಿ ಮಾತ್ರ ಬೂದಿ ಬಣ್ಣ. "ಇದನ್ನ ಯಾಕೆ ತಂದ್ರಿ, ನನ್ನ ತಲೆ ಮೇಲೆ ಕೂರಿಸೋಕಾ?" ಅಂತ ನಾನು ಶುರು ಮಾಡೋಷ್ಟರಲ್ಲಿ ಅವ್ವ ಅದನ್ನ ಎತ್ತಿಕೊಂಡು, ಹೊಟ್ಟೆ ಸವರಿ, ಹಲ್ಲು ನೋಡಿ, "ಗಂಡು ಮರಿ" ಅಂದಳು. ಮುಗೀತು. ಅವತ್ತಿಂದ ಅದು ಮರಿ. ಬೇರೆ ಹೆಸರು ಇಡಲಿಲ್ಲ. ಅದರ ಜೊತೆ ಅವಳದು ಅರ್ಧ ತೆಲುಗು, ಗಡಿಯಾಚೆ ಕುರಿ ಕಾಯ್ದ ಕಾಲದ್ದು. "ರಾ ಮರಿ, ಕೂಚೋ, ತಿನು" ಅನ್ನೋಳು. ಅದೂ ಹೇಳಿದಂಗೇ ಬಂದು, ಕೂತು, ತಿನ್ನೋದು. ನನ್ನ ಮಾತನ್ನ ಈ ಮನೆಯಲ್ಲಿ ಯಾರೂ ಅಷ್ಟು ಕೇಳಿದ್ದಿಲ್ಲ.

ಮೊಲ ಬಂದ ಮೇಲೆ ಚೀಲ ಮೊಳೆಯಿಂದ ಇಳಿಯಲಿಲ್ಲ. ವಾರ ಹೋಯಿತು, ತಿಂಗಳು ಹೋಯಿತು, "ಬರ್ತೀನಿ" ಅನ್ನೋ ಮಾತೇ ಇಲ್ಲ. ನಾನು ಒಳಗೊಳಗೇ ಖುಷಿಪಟ್ಟೆ. ಆ ಮೊಲಕ್ಕೆ ದಿನಾ ಕ್ಯಾರೆಟ್ ಕೊಂಡು ತಂದವಳು ನಾನು. ಅದಿದ್ದರೆ ಅವ್ವ ಇರ್ತಾಳೆ, ಅದು ಹೋದರೆ ಅವಳೂ ಹೋಗ್ತಾಳೆ, ಇಷ್ಟು ನನಗೆ ಖಾತ್ರಿಯಿತ್ತು.

ನಾತ ಶುರುವಾದದ್ದು ಬೇಸಿಗೆ ಹತ್ತಿರ ಬಂದಾಗ. ಮೊದಲು ಅದರ ಬುಟ್ಟಿ ಅಂದುಕೊಂಡು ಬುಟ್ಟಿ ತೊಳೆದೆ. ಗೋಣಿತಟ್ಟು ಅಂದುಕೊಂಡು ಅದನ್ನ ಎಸೆದೆ. ನೆಲಕ್ಕೆ ಫಿನಾಯಿಲ್ ಹಾಕಿ ಉಜ್ಜಿದೆ. ಫಿನಾಯಿಲಿನ ಮೇಲೂ ಆ ನಾತ ಎದ್ದು ಬರ್ತಿತ್ತು. ಹುಳಿತ ಹಿಟ್ಟಿನ ಥರ, ಅದರೊಳಗೆ ಇನ್ನೇನೋ ಕಮಟು. ನಮ್ಮ ಮನೆಯವರನ್ನ ಕೇಳಿದರೆ, "ಏನೂ ಇಲ್ವಲ್ಲ" ಅಂದರು. ಅವರನ್ನ ಕೇಳಿದ್ದೇ ನನ್ನ ತಪ್ಪು.

ಅವ್ವನಿಗೆ ಹೇಳಿದರೆ ನಕ್ಕಳು. "ಗಂಡಲ್ವೇನೇ, ವಯಸ್ಸಿಗೆ ಬಂದೈತೆ. ಹೋತ ನಾರಲ್ವಾ? ಹಂಗೇ ಇದು." ನಾನೂ ಕುರಿ ಮನೆಯವಳೇ, ಹೋತದ ನಾತ ನನಗೆ ಗೊತ್ತಿಲ್ವಾ? ಇದು ಅದಲ್ಲ ಅಂದೆ. "ನಿನ್ ಮೂಗಿಗೆ ಬೆಂಕಿ ಹಾಕ" ಅಂದಳು, ಅಕ್ಕರೆಯಿಂದಲೇ.

ಮಾರನೇ ದಿನ ಅವ್ವ ಆಸ್ಪತ್ರೆಗೆ ಹೋದಾಗ ನಾನು ಮೊಲಕ್ಕೆ ಸ್ನಾನ ಮಾಡಿಸಿದೆ. ಉಣ್ಣೆ ಕತ್ತರಿಸೋ ಮುಂಚೆ ಕುರಿಗಳನ್ನ ಹಳ್ಳಕ್ಕೆ ಇಳಿಸಿ ಮೈ ತೊಳೆಯೋದು ಕಂಡು ಬೆಳೆದವಳು ನಾನು, ಒಂದು ಮೊಲ ಯಾವ ಲೆಕ್ಕ ಅಂತ ಬಕೆಟ್ಟಿಗೆ ಅದ್ದಿ ನನ್ನ ಶಾಂಪೂ ಹಾಕಿ ತಿಕ್ಕಿದೆ. ಅದು ಮೊದಲು ಒದ್ದಾಡಿತು. ಆಮೇಲೆ ಒದ್ದಾಡೋದನ್ನೂ ಬಿಟ್ಟು ಕಣ್ಣು ಅಗಲಿಸಿ ಗಡಗಡ ನಡುಗುತ್ತಾ ಕೂತಿತು. ಟವೆಲ್ಲಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡು ಕೂತಿದ್ದಾಗ ಅವ್ವ ಬಂದಳು. ಬಂದವಳೇ ಕಿತ್ತುಕೊಂಡಳು. ತನ್ನ ಹೊಟ್ಟೆಗೆ ಅದನ್ನ ಒತ್ತಿ ಮೇಲೆ ಕಂಬಳಿ ಹೊದ್ದು ಸಾಯಂಕಾಲದ ತನಕ ಗೋಡೆಗೆ ಮುಖ ಮಾಡಿ ಕೂತಳು. ಊಟಕ್ಕೆ ಕರೆದರೆ ಬರಲಿಲ್ಲ. ಮೊಲ ಚೇತರಿಸಿಕೊಂಡಿತು. ನಾತವೂ ಎರಡು ದಿನದಲ್ಲಿ ಚೇತರಿಸಿಕೊಂಡು ವಾಪಸ್ ಬಂತು.

ನಾನು ಮನೆಯಲ್ಲೇ ರೇಷ್ಮೆ ಸೀರೆಗಳಿಗೆ ಕುಚ್ಚು ಕಟ್ಟಿಕೊಡ್ತೀನಿ. ಒಂದು ದಿನ ಪಕ್ಕದ ಬೀದಿಯ ಹೆಂಗಸೊಬ್ಬರು ಮಗಳ ಮದುವೆಯ ಮೊಳಕಾಲ್ಮೂರು ಸೀರೆ ವಾಪಸ್ ತೆಗೆದುಕೊಂಡು ಹೋಗೋಕೆ ಬಂದರು. ಮಡಿಕೆ ಬಿಚ್ಚಿ ಕುಚ್ಚು ನೋಡಿ ಚೆನ್ನಾಗಿದೆ ಅಂದರು. ಆಮೇಲೆ ಸೀರೆಯನ್ನ ಮೂಗಿನ ಹತ್ತಿರ ಒಯ್ದರು, ಇನ್ನೊಂದು ಸಲ ಒಯ್ದರು. "ಇದು ಯಾಕ್ರೀ ಹಿಂಗೆ ನಾರ್ತೈತೆ? ಮದುವೆ ಸೀರೆ ಅಲ್ವೇನ್ರಿ ಇದು." ನೆಲ ಬಾಯಿ ಬಿಟ್ಟಿದ್ದರೆ ಒಳಗೆ ಹೋಗಿಬಿಡ್ತಿದ್ದೆ. ಇಷ್ಟು ದಿನ ಬೇರೆಯವರ ನಾತ ಹಿಡಿದು ಹೇಳಿದವಳು ನಾನು, ಅವತ್ತು ನನ್ನ ನಡುಮನೆಯ ನಾತವನ್ನ ಇನ್ನೊಬ್ಬರು ಹಿಡಿದರು. ಬಿಸಿಲಿಗೆ ಹಾಕಿಕೊಡ್ತೀನಿ ಅಂತ ಕೈ ಮುಗಿದು ಕಳಿಸಿದೆ.

ಅವರು ಹೋದ ಮೇಲೆ ನನ್ನ ಬಾಯಿ ನಿಲ್ಲಲಿಲ್ಲ. "ಈ ಮೊಲ ಇದ್ರೆ ನನ್ನ ಕೆಲಸ ಮುಳುಗಿದಂಗೇ. ರಾಂಪುರಕ್ಕೇ ವಾಪಸ್ ಕಳಿಸಿಬಿಡ್ರಿ" ಅಂತ ಮನೆಯವರ ಮೇಲೆ ಕೂಗಾಡಿದೆ. ಕೋಪದಲ್ಲಿ ಬಂದ ಮಾತು, ಮನಸ್ಸಿಂದ ಬಂದದ್ದಲ್ಲ. ಆದರೆ ಬಾಗಿಲ ಹತ್ತಿರ ಕೂತಿದ್ದ ಅವ್ವ ತಲೆಯೆತ್ತಿ ಮೊಳೆಯ ಮೇಲಿನ ಚೀಲ ನೋಡಿದಳು. ತಕ್ಷಣ ನಾನು ಮಾತು ಬದಲಿಸಿ, "ನಾಳೆ ದನದ ಆಸ್ಪತ್ರೆಗೆ ತೋರಿಸಿಕೊಂಡು ಬರೋಣ, ನಡಿಯವ್ವ" ಅಂದೆ.

ದನದ ಆಸ್ಪತ್ರೆಯಲ್ಲಿ ಎಮ್ಮೆ, ಕುರಿ, ಒಂದು ನಾಯಿ, ಇವುಗಳ ಸಾಲಿನಲ್ಲಿ ಮೊಲ ಹಿಡಿದು ಕೂತ ನಮ್ಮನ್ನ ಎಲ್ಲರೂ ತಿರುತಿರುಗಿ ನೋಡಿದರು. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಮೊಲವನ್ನ ಮಗುವಿನ ಥರ ಮಲಗಿಸಿಕೊಂಡು ಹಿಂಭಾಗ ತೋರಿಸಿದರು. ಬಾಲದ ಕೆಳಗೆ ಕೂದಲೆಲ್ಲ ಅಂಟಿ ಗಟ್ಟಿಯಾಗಿತ್ತು. ಅದರ ಪಕ್ಕ ಆ ಕಡೆ ಈ ಕಡೆ ಎರಡು ಪುಟ್ಟ ಜೇಬಿನಂಥ ಮಡಿಕೆ, ಒಳಗೆ ಕಪ್ಪು ಮೇಣ.

"ಈ ಮೇಣ ಎಲ್ಲ ಮೊಲಕ್ಕೂ ಇರುತ್ತೆ. ಅದರ ವಾಸನೆಯಿಂದಲೇ ಒಂದನ್ನೊಂದು ಗುರುತು ಹಿಡಿಯೋದು. ತುಂಬಿಕೊಂಡಾಗ ಹತ್ತಿಗೆ ಒಂದು ಹನಿ ಕೊಬ್ಬರಿ ಎಣ್ಣೆ ಹಾಕಿ ಒರೆಸಿದರೆ ಆಯ್ತು" ಅಂದರು. "ತೊಂದರೆ ಇರೋದು ಈ ಅಂಟಿನಲ್ಲಿ. ಮೊಲ ಎರಡು ಥರ ಹಿಕ್ಕೆ ಹಾಕುತ್ತೆ. ಒಂದು ಒಣ ಗುಂಡು, ನೀವು ಗುಡಿಸೋದು. ಇನ್ನೊಂದು ಮೆತ್ತಗಿರುತ್ತೆ. ಅದನ್ನ ಹಾಕುವಾಗಲೇ ಬಾಯಿ ಇಟ್ಟು ತಿಂದುಬಿಡುತ್ತೆ."

"ತನ್ನ ಹಿಕ್ಕೆ ತಾನೇನಾ?" ಅಂದಳು ಅವ್ವ.

"ಕುರಿ ಮೆಲುಕು ಹಾಕಲ್ವಾ ಅಮ್ಮ, ಹಂಗೆ ಅಂದ್ಕೊಳ್ಳಿ. ಮೈ ಸರಿ ಇದ್ದರೆ ಪೂರ್ತಿ ತಿಂದು ಮುಗಿಸುತ್ತೆ. ಹೊಟ್ಟೆಗೆ ತೀರಾ ಕೊಬ್ಬಿನ ತಿಂಡಿ ಬಿದ್ದರೆ ಅದು ಅತಿಯಾಗಿ ಬರುತ್ತೆ, ತಿನ್ನದೆ ಬಿಟ್ಟುಬಿಡುತ್ತೆ. ಅಂಟಿಕೊಂಡು ಕೊಳೆಯುತ್ತೆ. ಬೇಸಿಗೆ ಬಂತು, ನೊಣ ಕೂತು ಹುಳ ಬಿದ್ದರೆ ಉಳಿಯೋದು ಕಷ್ಟ. ಏನು ಹಾಕ್ತೀರ ಇದಕ್ಕೆ?"

ನಾನು ಹೇಳಿದೆ, ಕ್ಯಾರೆಟ್ಟು, ಕೋಸಿನ ಎಲೆ, ಕೊತ್ತಂಬರಿ. "ಬೇರೆ ಏನಾದ್ರೂ?" ಅಂದರು. ಇಲ್ಲ ಅಂದೆ. ಅವ್ವ ಮೊಲದ ಕಿವಿ ನೇವರಿಸುತ್ತಾ ಗೋಡೆ ನೋಡ್ತಿದ್ದಳು. ಡಾಕ್ಟರಮ್ಮ, "ಕ್ಯಾರೆಟ್ಟೂ ಕಮ್ಮಿ ಮಾಡಿ, ಹುಲ್ಲು ಹಾಕಿ, ಒಣಹುಲ್ಲು ಎಷ್ಟು ತಿಂದರೆ ಅಷ್ಟು ಒಳ್ಳೇದು, ನೀರಿಗೆ ಮಾತ್ರ ಯಾವತ್ತೂ ಅದ್ದಬೇಡಿ, ಭಯಕ್ಕೇ ಜೀವ ಹೋಗಬಹುದು" ಅಂದರು. ಆ ಕೊನೆ ಮಾತಿಗೆ ಅವ್ವ ನನ್ನ ಕಡೆ ತಿರುಗಿ ನೋಡಿದ ನೋಟ ಇನ್ನೂ ನೆನಪಿದೆ.

ಅವ್ವನೇ ಬೆಚ್ಚಗಿನ ನೀರಿನ ಬಟ್ಟೆಯಿಂದ ಅಂಟು ಬಿಡಿಸಿ, ಎಣ್ಣೆ ಹತ್ತಿ ಹಾಕಿ ಚೊಕ್ಕ ಮಾಡಿದಳು. ನಾತ ಹೋಯಿತು. ನಾಲ್ಕು ದಿನಕ್ಕೆ ಮತ್ತೆ ಬಂತು. ಕ್ಯಾರೆಟ್ ನಿಲ್ಲಿಸಿದೆ, ಕೋಸು ನಿಲ್ಲಿಸಿದೆ, ಪೇಟೆಯಲ್ಲಿ ಸಿಕ್ಕಷ್ಟು ಹಸಿಹುಲ್ಲು ತಂದು ಹಾಕಿದೆ. ಮೊಲ ಅದನ್ನ ಮೂಸಿ ಪಕ್ಕಕ್ಕೆ ಸರಿಸ್ತಿತ್ತು. ಹೊಟ್ಟೆ ಮಾತ್ರ ಗುಂಡಗೇ ಇತ್ತು. ಗಾಳಿ ಕುಡಿದು ದಪ್ಪ ಆಗ್ತೈತಾ ಇದು ಅಂತ ನನಗೆ ತಲೆ ಕೆಟ್ಟುಹೋಯಿತು.

ಆಮೇಲೆ ಒಂದು ಬೆಳಗ್ಗೆ ಅವ್ವನ ಸೀರೆ ನೆನೆಹಾಕೋಕೆ ಎತ್ತಿಕೊಂಡೆ. ಸೆರಗಿನ ತುದಿಯಲ್ಲಿ ಗಂಟು. ಎಲೆಅಡಿಕೆ ಇರಬೇಕು ಅಂತ ಬಿಚ್ಚಿದರೆ ಶೇಂಗಾ ಹಿಂಡಿ. ಕೈತುಂಬ ಪುಡಿ ಹಿಂಡಿ. ಎಲ್ಲ ವಾಸನೆ ಹಿಡಿಯೋ ನನ್ನ ಮೂಗು ಹಿಂಡಿಯ ವಾಸನೆಗೆ ಒಗ್ಗಿಹೋಗಿದ್ದಕ್ಕೇ ಇಷ್ಟು ದಿನ ಅದನ್ನ ಹಿಡಿಯಲಿಲ್ಲ. ದಿನಾ ಅಂಗಡಿಗೆ ಇಳಿದು ಅಳಿಯನ ಜೊತೆ ಮಾತಾಡಿ ಬರುವಾಗ ಗಿರಾಕಿಗೆ ತೋರಿಸೋಕೆ ತೆರೆದಿಟ್ಟ ಮೂಟೆಯಿಂದ ಒಂದು ಹಿಡಿ ಗಂಟು ಹಾಕಿಕೊಂಡು ಬರ್ತಿದ್ದಳು. ನಮ್ಮ ಮಂದಿ ಮನೆಯಲ್ಲಿ ಟಗರು ಕಟ್ಟಿ ಸಾಕುವಾಗ ಕೊಡೋದು ಇದನ್ನೇ. ಅಕ್ಕರೆಯ ಮರಿಗೆ ಹಿಂಡಿ ತಿನ್ನಿಸೋದು, ಮೈ ಮಿರಮಿರ ಮಿಂಚೋದು. ಅವ್ವನ ಪ್ರೀತಿಗೆ ಗೊತ್ತಿದ್ದ ದಾರಿ ಅದೊಂದೇ. ಇದೆಲ್ಲ ಈಗ ತಣ್ಣಗೆ ಬರೀತಿದ್ದೀನಿ, ಅವತ್ತು ಹಂಗಿರಲಿಲ್ಲ.

"ಡಾಕ್ಟರು ಕೇಳಿದಾಗ ಬಾಯಿಗೆ ಏನು ಬಡಿದಿತ್ತು?" ಅಂದೆ. "ನಾನು ಹುಚ್ಚಿ ಥರ ನೆಲ ಉಜ್ಜಿದ್ದೇ ಉಜ್ಜಿದ್ದು, ನೀನು ಹಿಂದಿನಿಂದ ಇದನ್ನ ತಿನ್ನಿಸ್ತಾ ಇದೀಯಾ? ನಿನ್ನ ಕೈಯಾರೆ ಸಾಯಿಸ್ತಿದ್ದೀಯಲ್ಲವ್ವ ಅದನ್ನ."

"ಹಿಂಡಿ ತಿಂದು ಸತ್ತ ಮರಿ ನಾನು ಕಂಡಿಲ್ಲ ಕಣೇ" ಅಂದಳು ಅವ್ವ, ಮೆಲ್ಲಗೆ. "ನೂರಾರು ಮರಿ ಇದೇ ಕೈಲಿ ಸಾಕಿದೀನಿ." ಆಮೇಲೆ ನನ್ನ ಕೈಯಿಂದ ಸೀರೆ ಇಸಕೊಂಡು ತಾನೇ ಒಗೆದು ಹಾಕಿದಳು. ಅದು ಒಣಗಿದ ಮೇಲೆ ಮಡಚಿ ಚೀಲಕ್ಕೆ ಇಟ್ಟಳು. ಮೊಳೆಯಿಂದ ಚೀಲ ಇಳಿಸಿದಳು.

"ಊರಿಗೆ ಹೋಗ್ಬರ್ತೀನಿ. ಮರಿಗೆ ನೀರಿಡು."

ನಾನು ತಡೀಬೇಕಿತ್ತು. ಆದರೆ ಹಾಳು ಸಿಟ್ಟು. ಹೋಗಲಿ ಬಿಡು ಅಂತ ಅಡುಗೆಮನೆಯಲ್ಲೇ ನಿಂತೆ. ಮನೆಯವರು ಬಸ್ ಹತ್ತಿಸಿ ಬಂದರು. ಸಂಜೆ ಅತ್ತಿಗೆಗೆ ಫೋನ್ ಮಾಡಿದೆ. "ಬಂದ್ರು ಕಣಮ್ಮ. ಬಂದೋರೇ ಚೀಲದಲ್ಲಿದ್ದ ಸೀರೆ ಎಲ್ಲಾ ತೆಗೆದು ತಮ್ಮ ಪೆಟ್ಟಿಗೆಗೆ ಇಟ್ರು. ಈಗ ಹೊಲದ ಕಡೆ ಹೋಗವ್ರೆ" ಅಂದಳು.

ನಮ್ಮ ಮನೆಯಲ್ಲಿ ಇಷ್ಟು ತಿಂಗಳು ಇದ್ದು ಒಂದು ದಿನವೂ ಬಿಚ್ಚಿಡದ ಚೀಲವನ್ನ ಅಲ್ಲಿ ಕಾಲಿಟ್ಟ ಕೂಡಲೇ ಬಿಚ್ಚಿದ್ದಳು. ನಾನು ಫೋನ್ ಇಟ್ಟು ಚೆನ್ನಾಗಿ ಅತ್ತೆ. ಮೊಲ ಬಾಗಿಲ ಹಿಂದೆ, ಆ ಖಾಲಿ ಮೊಳೆಯ ಕೆಳಗೆ ಕೂತಿತ್ತು. "ನಿನ್ನಿಂದಾನೇ ಎಲ್ಲಾ" ಅಂತ ಬೈದು, ಅದರ ಹಿಂಭಾಗ ಒರೆಸಿ, ನೀರಿಟ್ಟೆ. ರಾ ಅಂತ ಕರೆದೆ. ಬರಲಿಲ್ಲ.

ಮಾರನೇ ದಿನ ಮಧ್ಯಾಹ್ನ ಮೆಟ್ಟಿಲ ಮೇಲೆ ಏದುಸಿರು ಕೇಳಿಸಿತು. ಅದಕ್ಕೂ ಮುಂಚೆ ವಾಸನೆ ಬಂದಿತ್ತು. ಒಣಗಿದ ಹುಲ್ಲು, ಬಿಸಿಲು, ಮಣ್ಣು. ಎದ್ದು ಓಡಿದೆ. ಅವ್ವ ತಲೆ ಮೇಲೆ ಚೀಲ ಹೊತ್ತು ಮಧ್ಯದ ಮೆಟ್ಟಿಲಲ್ಲಿ ನಿಂತಿದ್ದಳು.

"ಹಿಡಿಯೇ, ಮಂಡಿ ಬಿದ್ದೋದ್ವು."

ಚೀಲ ಬಾಯಿತನಕ ಒಣಹುಲ್ಲು, ತುರುಕಿ ತುರುಕಿ ತುಂಬಿದ್ದು. "ಕಾವಲಿನ ಹುಲ್ಲು ತರಾನ ಅಂದ್ರೆ ಈಗೆಲ್ಲ ಬೇಲಿ. ಇದು ನಮ್ಮ ಹೊಲದ ಬದುವಿಂದು. ಪೇಟೆ ಹುಲ್ಲು ಅದಕ್ಕೆಲ್ಲಿ ಸೇರ್ತೈತೆ, ಮೋರಿ ಪಕ್ಕದ್ದು" ಅಂತ ಒಂದು ಹಿಡಿ ನೆಲಕ್ಕೆ ಹಾಕಿದಳು. ಮೊಲ ಮೂಸಿತು. ಆಮೇಲೆ ಕರಕರ ಶುರು ಮಾಡಿತು. ಸೆರಗು ಬಿಚ್ಚಿ ನನ್ನ ಮುಂದೆ ಝಾಡಿಸಿ ತೋರಿಸಿದಳು, ಗಂಟಿಲ್ಲ ನೋಡು ಅನ್ನೋ ಥರ.

ನಾನು ಚೀಲದ ತಳದ ತನಕ ಕೈ ಹಾಕಿ ನೋಡಿದೆ. ಬರೀ ಹುಲ್ಲು. "ನಿನ್ ಸೀರೆ ಎಲ್ಲವ್ವ?"

"ಊರಲ್ಲೇ ಅವೆ. ಇರಾದು ಒಂದು ಚೀಲ, ಸೀರೆ ತರ್ಲೋ ಹುಲ್ಲು ತರ್ಲೋ?"

"ಮತ್ತೆ ನಾಳೆ ಸ್ನಾನ ಮಾಡಿ ಏನು ಉಡ್ತೀಯಾ?"

ಅವ್ವ ಮೊಲದ ಕಡೆಯೇ ನೋಡ್ತಾ ಅಂದಳು, "ನಿನ್ ಬೀರು ತುಂಬ ಅವಲ್ಲ. ಒಂದು ಕೊಡು."

ಒಳಗೆ ಹೋಗಿ ಬೀರು ತೆಗೆದು ನಿಂತೆ. ಸೀರೆ ಆರಿಸೋಕೆ ಅಷ್ಟು ಹೊತ್ತು ಬೇಕಿರಲಿಲ್ಲ, ಕಣ್ಣು ಒರೆಸಿಕೊಳ್ಳೋಕೆ ಬೇಕಿತ್ತು. ಮಾರನೇ ಬೆಳಗ್ಗೆ ನನ್ನ ಹಸಿರು ಸೀರೆ ಉಟ್ಟು ಅವ್ವ ಬಂದಾಗ ಮೊಲ ಹತ್ತಿರ ಹೋಗಿ ನಿಂತುಬಿಟ್ಟಿತು. ಅಂಚು ಮೂಸಿತು, ಯಾರಿವಳು ಅನ್ನೋ ಥರ. ಅವ್ವ ಅಲುಗಾಡದೆ ನಿಂತಳು. ಸ್ವಲ್ಪ ಹೊತ್ತಿಗೆ ಅದು ಗದ್ದವನ್ನ ಅವಳ ಪಾದಕ್ಕೆ ಉಜ್ಜಿ ಅಲ್ಲೇ ಮಲಗಿತು. ನಾನು ಅಡುಗೆಮನೆಯಿಂದ ನೋಡ್ತಿದ್ದೆ, ಒಲೆ ಮೇಲಿನ ಒಗ್ಗರಣೆ ಸೀದುಹೋಯಿತು. ಸೀದ ವಾಸನೆ ಮೊದಲು ಹಿಡಿದವರು ನಮ್ಮ ಮನೆಯವರು.

ಈಗ ಮೊಲದಿಂದ ಯಾವ ನಾತವೂ ಇಲ್ಲ. ಅಪರೂಪಕ್ಕೆ ಬಂದರೆ ಅವ್ವ ಹತ್ತಿ, ಎಣ್ಣೆ ಹಿಡಿದು ಕೂರ್ತಾಳೆ. ಮದುವೆ ಸೀರೆಯ ಹೆಂಗಸು ಎರಡನೇ ಮಗಳ ಸೀರೆಯನ್ನೂ ನನಗೇ ಕೊಟ್ಟಿದ್ದಾರೆ. ಹುಲ್ಲಿನ ಚೀಲ ಬಾಗಿಲ ಹಿಂದಿನ ಮೊಳೆಯಲ್ಲಿದೆ. ಅಣ್ಣ ಮೊನ್ನೆ ಫೋನ್ ಮಾಡಿ, ಯಾರೋ ಚಳ್ಳಕೆರೆಗೆ ಬರ್ತಾ ಇದ್ದಾರೆ, ಅವ್ವನ ಸೀರೆ ಕಳಿಸ್ಲಾ ಅಂತ ಕೇಳಿದ. ಬೇಡ ಅಂದೆ, ಹುಲ್ಲು ಕಳಿಸು ಅಂದೆ.